ಗಣಕದ ಆಜ್ಞೆಗೆ ಓಡುವ ಆಟಿಕೆ ಕಾರು

ಕೆಟ್ಟುಹೋದ ಆಟಿಕೆ ಕಾರನ್ನು ಗುಜರಿಗೆ ಹಾಕುವ ಮುನ್ನ ಪಾಲಕರು ಒಂದು ಕ್ಷಣ ಯೋಚಿಸಬೇಕು. ಅದರ ಮೋಟಾರು, ಚಕ್ರಗಳು ಸುಸ್ಥಿತಿಯಲ್ಲಿದ್ದರೆ, ಗಣಕದ ಆಜ್ಞೆಯಂತೆ ಓಡುವ ಕಾರನ್ನು ಮಕ್ಕಳು ಮನೆಯಲ್ಲಿಯೇ ಕಟ್ಟಬಲ್ಲರು.

ಇದಕ್ಕೆ ಮುಖ್ಯವಾಗಿ ಬೇಕಾದುದು ಆರ್ಡುಯಿನೊ ಎಂಬ ಪುಟ್ಟ ಫಲಕ. 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದಲ್ಲಿ ವಿದ್ಯಾರ್ಥಿಗಳಿಗಾಗಿ ಇದು ರೂಪುಗೊಂಡಿತು. ಗಣಕದಲ್ಲಿ ಬರೆದ ಆಜ್ಞೆಗಳನ್ನು ತಂತಿಯ ಮೂಲಕ ಇದಕ್ಕೆ ಒಮ್ಮೆ ತುಂಬಿದರೆ ಸಾಕು. ಬಳಿಕ ಗಣಕದ ನಂಟಿಲ್ಲದೆಯೂ ಕಾರು ಅವನ್ನು ಪಾಲಿಸುತ್ತದೆ.

ಆದರೆ ಫಲಕಕ್ಕೆ ಮೋಟಾರನ್ನು ನೇರವಾಗಿ ಜೋಡಿಸಲಾಗದು. ಅದರ ಒಂದು ಪಿನ್ನಿನಿಂದ ಪಡೆಯಬಹುದಾದ ವಿದ್ಯುತ್ತು ಸುಮಾರು 20 ಮಿಲಿಆಂಪಿಯರ್; ಮೋಟಾರಿಗೆ ಬೇಕಾದುದು ಅದರ ಹಲವು ಪಟ್ಟು. ಹಾಗೆ ಜೋಡಿಸಿದರೆ ಫಲಕವೇ ಸುಟ್ಟೀತು. ಆದುದರಿಂದ ಇವೆರಡರ ನಡುವೆ ಎಲ್‌293ಡಿ ಎಂಬ ಚಾಲಕ ಐ.ಸಿ. ಇರಬೇಕು. ಫಲಕದ ಸಣ್ಣ ಸಂಕೇತವನ್ನು ಗ್ರಹಿಸಿ ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಹರಿಸುವುದು, ಹರಿವಿನ ದಿಕ್ಕು ಬದಲಿಸಿ ಕಾರನ್ನು ಹಿಂದಕ್ಕೆ ಓಡಿಸುವುದು ಇದರ ಕೆಲಸ. ಮೋಟಾರಿನ ಬ್ಯಾಟರಿ ಬೇರೆಯಾದರೂ ಎಲ್ಲವುಗಳ ಋಣಧ್ರುವದ ತಂತಿಗಳು ಒಂದೆಡೆ ಕೂಡಿರಲೇಬೇಕು.

ಕೊಂಡ ಆಟಿಕೆ ನಿಂತರೆ ಮಗು ಮತ್ತೊಂದನ್ನು ಬೇಡುತ್ತದೆ. ತಾನೇ ಕಟ್ಟಿದ ಕಾರು ನಿಂತರೆ ದೋಷ ಬ್ಯಾಟರಿಯದೋ, ತಂತಿಯದೋ, ಆಜ್ಞೆಯದೋ ಎಂದು ಹುಡುಕುತ್ತದೆ. ಬೆಸುಗೆ ಹಾಕುವಾಗ ಹಿರಿಯರು ಬಳಿಯಲ್ಲಿರಲಿ. ಹುಡುಕಾಟವನ್ನು ಮಗುವಿಗೇ ಬಿಡಲಿ.