ಕಲ್ಯಾಣದ ಅರಸನೂ ಚಿತ್ರಕಾರರ ವಿದ್ಯೆಯೂ

ಬಸವಕಲ್ಯಾಣವೆಂದೊಡನೆ ನಮ್ಮ ವಾಚಕರ ಕಣ್ಣೆದುರು ಶರಣರೂ ಅನುಭವಮಂಟಪವೂ ನಿಲ್ಲುವುದು ಸಹಜ, ಯುಕ್ತವೂ ಅಹುದು. ಆದರೆ ಬಿಜ್ಜಳನಿಗಿಂತ ಮುಂಚೆ ಅಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನನ್ನು ನಾವು ಮರೆತೇಬಿಟ್ಟಿರುವೆವೆಂದು ಹೇಳದೆ ಗತ್ಯಂತರವಿಲ್ಲ.

ಇವನು ತಂದೆ ಆರನೆಯ ವಿಕ್ರಮಾದಿತ್ಯನಂತೆ ದಿಗ್ವಿಜಯಿಯಲ್ಲ. ಇವನ ಕಾಲಕ್ಕೆ ಸಾಮಂತರು ತಲೆಯೆತ್ತತೊಡಗಿದ್ದರು. ನಾವಾದರೋ ಇವನನ್ನು 1129ರಲ್ಲಿ ಸಿದ್ಧವಾದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಿಂದ ಅಳೆಯಬಯಸುತ್ತೇವೆ. ನೂರು ಅಧ್ಯಾಯಗಳ ಈ ಗ್ರಂಥದಲ್ಲಿ ಆಸ್ಥಾನಪಂಡಿತರ ಕೈ ಎಷ್ಟೆಂಬ ಚರ್ಚೆ ಪಂಡಿತರಿಗಿರಲಿ. ಕಂಡುದನ್ನೆಲ್ಲ ಕೂಡಿಡುವ ಸಂಗ್ರಾಹಕನ ಕುತೂಹಲವು ಅರಸನದೇ ಎಂಬುದು ನಮ್ಮ ಮತ.

ಚಿತ್ರಪ್ರಕರಣವನ್ನೇ ನೋಡಿರಿ. ಎಮ್ಮೆಯ ತೊಗಲನ್ನು ಬೆಣ್ಣೆಯಂತಾಗುವವರೆಗೆ ನೀರಿನಲ್ಲಿ ಬೇಯಿಸಿ, ಕಡ್ಡಿಗಳನ್ನಾಗಿ ಮಾಡಿ ಬಿಸಿಲಿನಲ್ಲಿ ಒಣಗಿಸಬೇಕು, ಇದೇ ವಜ್ರಲೇಪ. ಇದನ್ನು ಕಾಯಿಸಿ ಬಿಳಿಮಣ್ಣಿನೊಡನೆ ಬೆರಸಿ ಗೋಡೆಗೆ ಮೂರು ಸಲ ಬಳಿಯಬೇಕು. ಕುಂಚಕ್ಕೆ ಕರುವಿನ ಕಿವಿಯ ಕೂದಲು, ಅದನ್ನು ಅಂಟಿಸಲು ಅರಗು. ಮೊದಲ ರೇಖೆಗೆ ಕಾಡಿಗೆಯನ್ನು ಅನ್ನದೊಡನೆ ಅರೆದು ಮಾಡಿದ ಬತ್ತಿ. ಬಂಗಾರದ ಲೇಪವನ್ನು ಹಂದಿಯ ಕೋರೆಯಿಂದ ಮಿಂಚುವಂತೆ ತಿಕ್ಕಬೇಕು! ಕನ್ನಡಿಯ ಪ್ರತಿಬಿಂಬದಂತಿರುವುದು ವಿದ್ಧಚಿತ್ರ, ಬಣ್ಣದ ಪುಡಿಯಿಂದ ಬರೆದುದು ಧೂಳಿಚಿತ್ರ. ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ದಿನವೂ ಹಾಕುವ ರಂಗೋಲೆಗೆ ಚಕ್ರವರ್ತಿಯು ಶಾಸ್ತ್ರದಲ್ಲಿ ಸ್ಥಾನವಿತ್ತನಲ್ಲವೆ?

ಈ ವಿಧಿಯಿಂದ ಅಲಂಕೃತವಾಗಬೇಕಾಗಿದ್ದ ಚಾಲುಕ್ಯರ ಅರಮನೆ ಇಂದು ಇಲ್ಲ. ಈಗ ಕಾಣುವ ಕೋಟೆಯ ಬಹುಭಾಗವು ಬಹಮನಿಗಳ ಹಾಗೂ ಅನಂತರದವರ ಕಟ್ಟಡ. ಚಾಲುಕ್ಯರ ಕಾಲದ ಕಣ್ಣು ಎಂತಹುದೆಂದು ತಿಳಿಯಬೇಕಾದವರು ನೆರೆಯ ಹುಮನಾಬಾದ ತಾಲೂಕಿನ ಜಲಸಂಗಿಗೆ ಹೋಗಬೇಕು. ಅಲ್ಲಿಯ ದೇವಾಲಯದ ಹೊರಗೋಡೆಯಲ್ಲಿ ಕಲ್ಲಿನ ತರುಣಿಯೊಬ್ಬಳು ಬಳುಕಿ ನಿಂತು, ಹಲಗೆಯ ಮೇಲೆ ಬರೆಯುತ್ತಿದ್ದಾಳೆ. ಬರೆಯುತ್ತಿರುವುದು ವಿಕ್ರಮಾದಿತ್ಯನ ಪ್ರಶಸ್ತಿ. ಅಕ್ಷರವೂ ಆಕೃತಿಯೂ ಒಂದೇ ಶಿಲೆಯಲ್ಲಿ ಹೀಗೆ ಕೂಡಿದ ದೃಷ್ಟಾಂತಗಳು ವಿರಳ.

ಗ್ರಂಥವು ಅಚ್ಚಾದುದಾದರೂ ಎಲ್ಲಿ? ಮೊದಲ ಸಂಪುಟವನ್ನು 1925ರಲ್ಲಿ ಬೆಳಕಿಗೆ ತಂದುದು ದೂರದ ಬಡೋದೆ. ಮರುವರ್ಷವೇ ಮೈಸೂರು ವಿಶ್ವವಿದ್ಯಾನಿಲಯವು ‘ಅಭಿಲಷಿತಾರ್ಥಚಿಂತಾಮಣಿ’ಯೆಂಬ ಇದರ ಮತ್ತೊಂದು ಹೆಸರಿನಿಂದ ಪ್ರಥಮ ಭಾಗವನ್ನು ಹೊರತಂದಿತು, ಬಡೋದೆಯ ಮೂರನೆಯ ಸಂಪುಟ ಬಂದುದು 1961ರಲ್ಲಿ. ಆ ವೇಳೆಗೆ ಬೀದರ ಜಿಲ್ಲೆಯು ಕನ್ನಡನಾಡನ್ನು ಸೇರಿ ಐದು ವರ್ಷಗಳಾಗಿದ್ದುವು.

ನಮ್ಮ ಬೇಡಿಕೆ ದೊಡ್ಡದಲ್ಲ. ಚಿತ್ರಪ್ರಕರಣವು ಚಿತ್ರಶಾಲೆಗಳ ವಿದ್ಯಾರ್ಥಿಗಳಿಗೆ ಸುಲಭವಾದ ಕನ್ನಡದಲ್ಲಿ ದೊರೆಯಲಿ. ಕಲ್ಯಾಣದಲ್ಲಿಯೇ ಒಂದು ಗೋಡೆಗೆ ಸೋಮೇಶ್ವರನ ವಿಧಿಯಂತೆ ಲೇಪ ಹಾಕಿ, ಚಿತ್ರ ಬರೆಯಿಸಿ ನೋಡಲಿ. ಎಮ್ಮೆಯ ತೊಗಲಿಗೇನೂ ಆ ಸೀಮೆಯಲ್ಲಿ ಬರವಿಲ್ಲ.