ಕೋಸಂಬರಿಯ ಬಟ್ಟಲಿನಲ್ಲಿ ಕಾಣದ ಅತಿಥಿ

ರಾಮನವಮಿ ಬಂದಿತೆಂದರೆ ಜನಕಪುರಿಯ ನಮ್ಮ ಕನ್ನಡದ ಮನೆಗಳಲ್ಲಿ ಪಾನಕ, ನೀರುಮಜ್ಜಿಗೆ, ಕೋಸಂಬರಿಗಳ ಸಂಭ್ರಮ. ನೆನೆಸಿದ ಹೆಸರುಬೇಳೆ, ಹೆಚ್ಚಿದ ಸೌತೆಕಾಯಿ, ಕಾಯಿತುರಿ, ನಿಂಬೆಯ ಹುಳಿ, ಮೇಲೊಂದು ಇಂಗಿನ ಒಗ್ಗರಣೆ. ಬೇಯಿಸುವ ಮಾತೇ ಇಲ್ಲ. ಕೊತ್ತಂಬರಿ ಸೊಪ್ಪಂತೂ ತಳ್ಳುಗಾಡಿಯವನು ತರಕಾರಿಯೊಡನೆ ಪುಕ್ಕಟೆಯಾಗಿ ಕೊಟ್ಟುದು. ಆ ಸೊಪ್ಪಿನೊಡನೆ ಇನ್ನೇನು ಪುಕ್ಕಟೆಯಾಗಿ ಬಂದಿತೆಂದು ನಾವು ಯೋಚಿಸುವುದು ಕಡಿಮೆ.

ಮಣ್ಣಿನಲ್ಲಿ ಬೆಳೆದುದರಲ್ಲಿ ಸೂಕ್ಷ್ಮಜೀವಿಗಳಿರುವುದು ಸಹಜ, ಬಹುಪಾಲು ನಿರಪಾಯವಾದುವು. ಆದರೆ ಚರಂಡಿಯ ನೀರು ಹೊಲಕ್ಕೆ ಹರಿದಾಗ, ಕೊಳಕು ನೀರಿನಲ್ಲಿ ಸೊಪ್ಪನ್ನು ಅದ್ದಿ ತೆಗೆದಾಗ, ಆಂಟಿಬಯೋಟಿಕ್ ಔಷಧಗಳಿಗೆ ಜಗ್ಗದ ಬ್ಯಾಕ್ಟೀರಿಯಗಳೂ ಅದಕ್ಕೆ ಅಂಟಿಕೊಳ್ಳಬಹುದು. ಮನುಷ್ಯರಿಗೂ ದನಕೋಳಿಗಳಿಗೂ ಕೊಟ್ಟ ಔಷಧದಿಂದ ಕರುಳಿನಲ್ಲಿ ಮೆದುವಾದುವು ಸತ್ತು, ಗಟ್ಟಿಯಾದುವು ಉಳಿದು, ಚರಂಡಿಯನ್ನು ಸೇರುತ್ತವೆ.

ಇದು ದೂರದೇಶದ ಕಥೆಯಲ್ಲ. ನವದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬರಲ್ಲಿ 2008ರಲ್ಲಿ ಕಂಡ ಅಂಥ ಬ್ಯಾಕ್ಟೀರಿಯದ ಕಿಣ್ವಕ್ಕೆ ನಮ್ಮ ನಗರದ ಹೆಸರೇ ಅಂಟಿತು: ಎನ್‌ಡಿಎಂ-1. ಬಲವಾದ ಔಷಧಗಳನ್ನೂ ಅದು ಮುರಿದುಹಾಕುತ್ತದೆ. 2010ರಲ್ಲಿ ನವದೆಹಲಿಯಲ್ಲಿ ಸಂಗ್ರಹಿಸಿ ಪರೀಕ್ಷಿಸಿದ 171 ಕಡೆಯ ನಿಂತ ನೀರಿನಲ್ಲಿ 51ರಲ್ಲಿಯೂ, 50 ನಲ್ಲಿಯ ನೀರಿನಲ್ಲಿ 2ರಲ್ಲಿಯೂ ಅದರ ಜೀನ್ ದೊರೆಯಿತು. ಮರುವರ್ಷ, 2011ರಲ್ಲಿ, ಜರ್ಮನಿಯಲ್ಲಿ ಮೊಳಕೆ ಬರಿಸಿದ ಮೆಂತ್ಯದಿಂದ ಹರಡಿದ ಔಷಧನಿರೋಧಕ ರೋಗಾಣು 3,800ಕ್ಕೂ ಹೆಚ್ಚು ಮಂದಿಯನ್ನು ಹಾಸಿಗೆ ಹಿಡಿಸಿತು. 50ಕ್ಕೂ ಹೆಚ್ಚು ಮಂದಿ ತೀರಿಕೊಂಡರು.

ಆರೋಗ್ಯವಂತರಿಗೆ ತಿಂದೊಡನೆ ಏನೂ ಆಗದಿರಬಹುದು. ಈ ಅತಿಥಿ ಕರುಳಿನಲ್ಲಿ ಸದ್ದಿಲ್ಲದೆ ಬಿಡಾರ ಹೂಡಿ, ತನ್ನ ವಿದ್ಯೆಯನ್ನು ನೆರೆಯ ಬ್ಯಾಕ್ಟೀರಿಯಗಳಿಗೂ ದಾನಮಾಡುತ್ತದೆ. ಮುಂದೆಂದೋ ಅಜ್ಜಿಗೆ ಮೂತ್ರದ ಸೋಂಕು ತಗಲಿದಾಗ, ಶಸ್ತ್ರಚಿಕಿತ್ಸೆಯ ಗಾಯ ಕೀವುಗಟ್ಟಿದಾಗ, ವೈದ್ಯರ ಮಾತ್ರೆ ಕೈಕೊಡುತ್ತದೆ. ನಿಜವಾದ ಭಯ ಅದು.

ಹಾಗೆಂದು ಕೋಸಂಬರಿಯನ್ನು ಬಿಡಬೇಕೆ? ಬೇಡ. ಮೊದಲು ಕೈಗಳನ್ನು ಸೋಪಿನಿಂದ ತೊಳೆಯಿರಿ. ಸೊಪ್ಪಿನ ಬೇರು ಕತ್ತರಿಸಿ, ಎಳೆ ಬಿಡಿಸಿ, ಕುಡಿಯುವ ನೀರನ್ನು ಬದಲಿಸುತ್ತ ಹಲವು ಬಾರಿ ಜಾಲಿಸಿರಿ. ಸೌತೆಕಾಯಿಯನ್ನು ಸಿಪ್ಪೆ ತೆಗೆಯುವ ಮೊದಲೇ ಉಜ್ಜಿ ತೊಳೆಯಿರಿ. ಇಲ್ಲವಾದರೆ ಸಿಪ್ಪೆಯ ಕೊಳೆ ಚಾಕುವಿನೊಡನೆ ತಿರುಳಿಗೆ ಇಳಿಯುತ್ತದೆ. ಸೋಪಿನ ಪುಡಿ ತರಕಾರಿಗೆ ಬೇಡ. ಹೆಸರುಬೇಳೆಯನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಒಂದು ಗಂಟೆ ನೆನೆಸಿದರೆ ಸಾಕು. ದೆಹಲಿಯ ಏಪ್ರಿಲ್ ಸೆಕೆಯಲ್ಲಿ ಹೊತ್ತುಗಟ್ಟಲೆ ಇಡಬೇಡಿ. ತೊಳೆದರೆ ರೋಗಾಣು ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ, ಕೊಲ್ಲುವುದು ಬೆಂಕಿಯೇ. ಆದುದರಿಂದ ಹಸುಮಕ್ಕಳು, ಗರ್ಭಿಣಿಯರು, ವೃದ್ಧರು, ಕಾಯಿಲೆಯಿಂದ ಬಳಲಿದವರಿಗೆ ಬೇಳೆ ತರಕಾರಿಗಳನ್ನು ಹಬೆಯಲ್ಲಿ ಬೇಯಿಸಿಯೇ ಬಡಿಸುವುದು ಲೇಸು.

ಕೊನೆಯದಾಗಿ ನಮ್ಮದೇ ಒಂದು ತಪ್ಪೊಪ್ಪಿಗೆ. ಜ್ವರ ಇಳಿದೊಡನೆ ಮಾತ್ರೆ ನಿಲ್ಲಿಸಿ, ಉಳಿದುದನ್ನು ಡಬ್ಬಿಯಲ್ಲಿಟ್ಟು, ನೆಗಡಿಯೆಂದು ಬಂದ ನೆರೆಯವರಿಗೆ ಧಾರಾಳವಾಗಿ ಕೊಟ್ಟವರು ನಾವೂ ಹೌದು. ನೆಗಡಿಗೆ ಆಂಟಿಬಯೋಟಿಕ್ ತಾಕುವುದೇ ಇಲ್ಲವೆಂದು ಆಗ ಅರಿತಿರಲಿಲ್ಲ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ ಮಹಾಶಯರು 1945ರಲ್ಲಿ ನೊಬೆಲ್ ಬಹುಮಾನ ಪಡೆದಾಗಲೇ ಇಂಥ ಅಜ್ಞಾನದ ಬಳಕೆಯ ಬಗ್ಗೆ ಎಚ್ಚರಿಸಿದ್ದರು. ನಮ್ಮ ಡಬ್ಬಿಯ ಮಾತ್ರೆಗೂ ತಳ್ಳುಗಾಡಿಯ ಕೊತ್ತಂಬರಿಗೂ ನಡುವೆ ಚರಂಡಿಯ ನಂಟಿದೆ. ಸೊಪ್ಪನ್ನು ತೊಳೆಯುವ ಕೈಯೇ ಆ ಡಬ್ಬಿಯ ಮೇಲೂ ಹಿಡಿತವಿಡಲಿ.