ಟ್ರಿಗರ್ ಹೊತ್ತ ಹಾಡುಗಾರ ವಿಲ್ಲಿ ನೆಲ್ಸನ್

ವಿಲ್ಲಿ ನೆಲ್ಸನ್ ಅವರ ಗಿಟಾರಿಗೆ ಎರಡು ತೂತು. ದುಂಡನೆಯದು ಮಾರ್ಟಿನ್ ಕಂಪನಿಯವರೇ ಕೊರೆದದ್ದು. ಅದರ ಪಕ್ಕದಲ್ಲಿ, ಅಂಚೆಲ್ಲ ಸವೆದು ಹರಕಲಾಗಿರುವ ಇನ್ನೊಂದನ್ನು ಮಾಡಿದ್ದು ಅವರ ಕೈ. ನೈಲಾನ್ ತಂತಿಯ ಈ ಗಿಟಾರು ಬೆರಳಲ್ಲಿ ಮೀಟುವವರಿಗೆಂದು ಮಾಡಿದ್ದು. ಹಾಗಾಗಿ ಮರಕ್ಕೆ ಕಾಪಿನ ಪಟ್ಟಿ ಹಾಕಿರಲಿಲ್ಲ. ವಿಲ್ಲಿ ಪಿಕ್ ಹಿಡಿದೇ ನುಡಿಸಿದರು. ದಶಕಗಟ್ಟಲೆ ಉಜ್ಜಿ ಉಜ್ಜಿ ಹಲಗೆಯೇ ತೂತಾಯಿತು. 1969ರಲ್ಲಿ ಟೆಕ್ಸಾಸ್‌ನ ಹೆಲೋಟೆಸ್‌ನಲ್ಲಿ ಕುಡಿದವನೊಬ್ಬ ಅವರ ಹಿಂದಿನ ಗಿಟಾರನ್ನು ತುಳಿದು ಮುರಿದಾಗ, ಕಣ್ಣಲ್ಲಿ ನೋಡದೆಯೇ 750 ಡಾಲರ್ ಕೊಟ್ಟು ಕೊಂಡದ್ದು ಇದು. ಸಿನಿಮಾ ನಟ ರಾಯ್ ರೋಜರ್ಸ್‌ನ ಕುದುರೆಯ ಹೆಸರನ್ನೇ ಇದಕ್ಕೂ ಇಟ್ಟರು: ಟ್ರಿಗರ್. ಮೈತುಂಬ ಗೆಳೆಯರ, ಸಹಕಲಾವಿದರ ನೂರಕ್ಕೂ ಹೆಚ್ಚು ಸಹಿಗಳಿವೆ. ಆಸ್ಟಿನ್‌ನ ಗಿಟಾರ್ ತಯಾರಕ ಮಾರ್ಕ್ ಅರ್ಲ್‌ವೈನ್ ಅದನ್ನು ರಿಪೇರಿ ಮಾಡುತ್ತಾ ಕಾಪಾಡಿಕೊಂಡು ಬಂದಿದ್ದಾರೆ.

ಹೊಲ, ಕುಡಿತ, ಮುರಿದ ಮದುವೆ, ದೇವರು, ದೂರದ ದಾರಿ – ಅಮೆರಿಕದ ದಕ್ಷಿಣದ ಹಳ್ಳಿಗರ ಬದುಕಿನಿಂದ ಎದ್ದು ಬಂದದ್ದು ಕಂಟ್ರಿ ಸಂಗೀತ. ವಿಲ್ಲಿ ಆ ಬದುಕಿನಿಂದಲೇ ಬಂದವರು. 1933ರಲ್ಲಿ ಟೆಕ್ಸಾಸ್‌ನ ಆ್ಯಬಟ್ ಎಂಬ ಪುಟ್ಟ ಊರಿನಲ್ಲಿ ಹುಟ್ಟಿದರು. ತಂದೆ ತಾಯಿ ಬೇರೆಯಾಗಿ ಊರು ಬಿಟ್ಟಿದ್ದರಿಂದ ಅವರನ್ನೂ ಅಕ್ಕ ಬಾಬಿಯನ್ನೂ ಸಾಕಿದವರು ಅಜ್ಜ ಅಜ್ಜಿ. ಅಜ್ಜ ಕಮ್ಮಾರ. ಮೊದಲ ಗಿಟಾರು ಕೊಡಿಸಿದ್ದೂ ಅವರೇ. ಹುಡುಗ ಹತ್ತಿ ಬಿಡಿಸಿದ, ಚರ್ಚಿನಲ್ಲಿ ಹಾಡಿದ, ಹತ್ತು ವರ್ಷದ ಆಸುಪಾಸಿನಲ್ಲೇ ಕುಣಿತದ ಹಾಲ್‌ಗಳಲ್ಲಿ ಪೋಲ್ಕಾ ವಾದ್ಯವೃಂದದ ಜೊತೆ ನುಡಿಸಿ ಕಾಸು ಸಂಪಾದಿಸಿದ.

ಮುಂದೆ ರೇಡಿಯೊ ನಿರೂಪಕರಾದರು, ಮನೆಮನೆಗೆ ಹೋಗಿ ಬೈಬಲ್ಲು, ವಿಶ್ವಕೋಶ ಮಾರಿದರು. ಕೈ ಬರಿದಾದಾಗ ಹಾಡುಗಳನ್ನೇ ಮಾರಿದರು. ‘ಫ್ಯಾಮಿಲಿ ಬೈಬಲ್’ 50 ಡಾಲರಿಗೆ ಹೋಯಿತು, ‘ನೈಟ್ ಲೈಫ್’ 150ಕ್ಕೆ. ಎರಡೂ ಆಮೇಲೆ ಬೇರೆಯವರ ಬಾಯಲ್ಲಿ ಹೆಸರಾದವು. 1960ರಲ್ಲಿ ಕಂಟ್ರಿ ಸಂಗೀತದ ರಾಜಧಾನಿ ನ್ಯಾಶ್‌ವಿಲ್‌ಗೆ ಬಂದಾಗಲೂ ಅದೇ ಪಾಡು. ‘ಹಲೋ ವಾಲ್ಸ್’ ಹಾಡನ್ನು ಮಾರಲು ಹೋದಾಗ ಗಾಯಕ ಫ್ಯಾರನ್ ಯಂಗ್ ಹಕ್ಕು ಮಾರಬೇಡವೆಂದು ಹೇಳಿ 500 ಡಾಲರ್ ಸಾಲ ಕೊಟ್ಟರು. 1961ರಲ್ಲಿ ಅದೇ ಹಾಡು ಫ್ಯಾರನ್ ದನಿಯಲ್ಲಿ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಆ ಸಾಲ ಕೊಟ್ಟವರ ದೊಡ್ಡತನವನ್ನು ನೆನೆಯದೆ ಈ ಕಥೆ ಹೇಳಲಾಗದು.

ಅದೇ ವರ್ಷ ಬಂದದ್ದು ವಿಲ್ಲಿ ಬರೆದ ‘ಕ್ರೇಜಿ’. ಇದನ್ನು ಹಾಡಿದ ಪ್ಯಾಟ್ಸಿ ಕ್ಲೈನ್‌ಗೆ ಮೊದಮೊದಲು ವಿಲ್ಲಿಯವರ ಧಾಟಿ ಕೈಗೇ ಸಿಗಲಿಲ್ಲ. ಕಾರಣವಿದೆ. ವಿಲ್ಲಿ ತಾಳದ ಪೆಟ್ಟಿನ ಮೇಲೆ ಹಾಡುವುದಿಲ್ಲ; ತುಸು ಹಿಂದೆ ಉಳಿಯುತ್ತಾರೆ, ಒಮ್ಮೊಮ್ಮೆ ಮುಂದೆ ಓಡುತ್ತಾರೆ, ಸಾಲು ಮುಗಿಯುವ ಹೊತ್ತಿಗೆ ಕೂಡಿಕೊಳ್ಳುತ್ತಾರೆ. ಸಮ್ ತಪ್ಪಿಹೋಯಿತೇನೋ ಅನ್ನಿಸಿ ಕೊನೆಯ ಗಳಿಗೆಯಲ್ಲಿ ಬಂದು ಸೇರುವ ಖಯಾಲ್ ಗಾಯಕರನ್ನು ಕೇಳಿದ ಧಾರವಾಡದ ಕಿವಿಗೆ ಇದರ ಸೊಗಸು ಬಿಡಿಸಿ ಹೇಳಬೇಕಿಲ್ಲ. ಆದರೆ ನಯವಾದ ದನಿ, ಪಿಟೀಲುಗಳ ಮೇಳ, ಹಿಮ್ಮೇಳದ ಕೋರಸ್ಸು ಬೇಡುತ್ತಿದ್ದ ನ್ಯಾಶ್‌ವಿಲ್‌ಗೆ ಮೂಗಿನಲ್ಲಿ ಬರುವ ಈ ದನಿ ಬೇಕಿರಲಿಲ್ಲ. ಹಾಡು ಬರೆಯುವವರೆಂದು ಮೆಚ್ಚಿದ ಊರು, ಹಾಡುಗಾರರೆಂದು ಒಪ್ಪಲಿಲ್ಲ. ಆರ್‌ಸಿಎ ಕಂಪನಿಯಲ್ಲಿ ವರ್ಷಗಟ್ಟಲೆ ರೆಕಾರ್ಡ್ ಮಾಡಿಯೂ ದೊಡ್ಡ ಗೆಲುವು ಸಿಗಲಿಲ್ಲ.

1970ರ ಡಿಸೆಂಬರಿನಲ್ಲಿ ಟೆನೆಸಿಯ ಮನೆಗೆ ಬೆಂಕಿ ಬಿತ್ತು. ವಿಲ್ಲಿ ಒಳನುಗ್ಗಿ ಟ್ರಿಗರ್ ಉಳಿಸಿಕೊಂಡರು. ಅಲ್ಲಿಂದ ಟೆಕ್ಸಾಸ್‌ಗೆ ಮರಳಿ ಆಸ್ಟಿನ್‌ನಲ್ಲಿ ನೆಲೆನಿಂತದ್ದೇ ಅವರ ಎರಡನೇ ಹುಟ್ಟು. ಅಲ್ಲಿನ ಆರ್ಮಡಿಲೊ ಎಂಬ ಸಭಾಂಗಣದಲ್ಲಿ 1972ರಲ್ಲಿ ಅವರು ಹಾಡಿದಾಗ ಉದ್ದ ಕೂದಲಿನ ಹಿಪ್ಪಿಗಳೂ ದೊಡ್ಡ ಟೋಪಿಯ ದನಗಾಹಿಗಳೂ ಒಟ್ಟಿಗೆ ನಿಂತು ಕೇಳಿದರು. ವಿಯೆಟ್ನಾಂ ಯುದ್ಧದ ಆ ಕಾಲದಲ್ಲಿ ಇವರಿಬ್ಬರೂ ಒಬ್ಬರನ್ನೊಬ್ಬರು ಕಂಡರಾಗದವರು. ವಿಲ್ಲಿಯವರ ನಿಜವಾದ ಕೆಲಸ ನಡೆದದ್ದು ಇಂಥ ವೇದಿಕೆಗಳ ಮೇಲೆಯೇ ಎಂದು ನಾನು ನಂಬಿದ್ದೇನೆ. 1973ರಿಂದ ಜುಲೈ 4ರ ಪಿಕ್‌ನಿಕ್ ಎಂಬ ಬಯಲು ಸಂಗೀತ ಜಾತ್ರೆಯನ್ನೂ ಶುರುಮಾಡಿದರು.

1975ರ ‘ರೆಡ್ ಹೆಡೆಡ್ ಸ್ಟ್ರೇಂಜರ್’ ಆಲ್ಬಂನಲ್ಲಿ ಗಿಟಾರು, ಬಾಬಿಯ ಪಿಯಾನೊ, ಹಾರ್ಮೋನಿಕಾ, ಮತ್ತೆ ಕೆಲವೇ ವಾದ್ಯ. ಕೊಲಂಬಿಯಾ ಕಂಪನಿಯವರು ಇದಿನ್ನೂ ಕಚ್ಚಾ ಪ್ರತಿ ಅಂದುಕೊಂಡರು. ಒಪ್ಪಂದದಲ್ಲಿ ಪೂರ್ತಿ ಹಿಡಿತ ವಿಲ್ಲಿಯವರದೇ ಇದ್ದುದರಿಂದ ಹಾಗೆಯೇ ಹೊರಬಂತು, ಅವರನ್ನು ಮನೆಮಾತಾಗಿಸಿತು. ಅದರಲ್ಲಿನ ‘ಬ್ಲೂ ಐಸ್ ಕ್ರೈಯಿಂಗ್ ಇನ್ ದ ರೇನ್’ ಗಾಯಕರಾಗಿ ಅವರಿಗೆ ಸಿಕ್ಕ ಮೊದಲ ನಂಬರ್ ಒನ್. ಅದನ್ನು ಬರೆದವರು ಮಾತ್ರ ಫ್ರೆಡ್ ರೋಸ್!

ವಿಲ್ಲಿಯವರ ಕಛೇರಿ ‘ವಿಸ್ಕಿ ರಿವರ್’ ಹಾಡಿನಿಂದ ಶುರುವಾಗುವುದು ವಾಡಿಕೆ. ಆಮೇಲೆ ಮಾತು ಕಡಿಮೆ. ಒಂದು ಹಾಡಿನ ಬಾಲ ಹಿಡಿದೇ ಇನ್ನೊಂದು ಬರುತ್ತದೆ. ಮೇಳದವರು ತಾಳ ಬಿಡದೆ ಕಾಯುತ್ತಾರೆ, ವಿಲ್ಲಿ ಅದರ ಮೇಲೆ ಅಲೆದಾಡುತ್ತಾರೆ. ನಡುನಡುವೆ ಬರುವ ಗಿಟಾರಿನ ತುಣುಕುಗಳಲ್ಲಿ ಅವರು ಆರಾಧಿಸುವ ಗಿಟಾರು ವಾದಕ ಜಾಂಗೋ ರೈನ್‌ಹಾರ್ಟ್ ಅವರ ನೆರಳು ಕಾಣುತ್ತದೆ. ಬಾಬಿ 2022ರಲ್ಲಿ ತೀರಿಕೊಳ್ಳುವವರೆಗೆ ಸುಮಾರು 50 ವರ್ಷ ತಮ್ಮನ ಮೇಳದಲ್ಲಿ ಪಿಯಾನೊ ನುಡಿಸಿದರು.

1985ರಲ್ಲಿ ಅಮೆರಿಕದ ಸಣ್ಣ ರೈತರು ಸಾಲ ತೀರಿಸಲಾಗದೆ ಜಮೀನು ಕಳೆದುಕೊಳ್ಳುತ್ತಿದ್ದರು. ಗಾಯಕ ಬಾಬ್ ಡಿಲನ್ ವೇದಿಕೆಯೊಂದರಲ್ಲಿ ಈ ರೈತರ ಪರವಾಗಿ ಆಡಿದ ಮಾತನ್ನು ಹಿಡಿದು ವಿಲ್ಲಿ, ಗಾಯಕರಾದ ನೀಲ್ ಯಂಗ್, ಜಾನ್ ಮೆಲನ್‌ಕ್ಯಾಂಪ್ ಸೇರಿ ಅದೇ ವರ್ಷ ಸೆಪ್ಟೆಂಬರ್ 22ರಂದು ಇಲಿನಾಯ್‌ನಲ್ಲಿ ‘ಫಾರ್ಮ್ ಏಡ್’ ಕಛೇರಿ ನಡೆಸಿದರು. 70 ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿತು. ಒಂದು ದಿನದ ಕರುಣೆಯಾಗಿ ಅದು ಮುಗಿಯಲಿಲ್ಲ. ಸಂಸ್ಥೆಯಾಗಿ ಇಂದಿಗೂ ನಡೆಯುತ್ತಿದೆ, ಕಷ್ಟದಲ್ಲಿರುವ ರೈತರಿಗೆ ಸಹಾಯವಾಣಿ ಇಟ್ಟಿದೆ. ಮುಂದೆ ಆಸ್ತಿ ಕಳೆದುಕೊಳ್ಳುವ ಸರದಿ ವಿಲ್ಲಿಯವರದೇ ಆಯಿತು: 1990ರಲ್ಲಿ ತೆರಿಗೆ ಇಲಾಖೆ ಕೋಟ್ಯಂತರ ಡಾಲರ್ ಬಾಕಿಗಾಗಿ ವಿಲ್ಲಿಯವರ ಆಸ್ತಿ ಜಪ್ತಿ ಮಾಡಿತು. ಟ್ರಿಗರ್ ಹರಾಜಾಗದಂತೆ ಮಗಳು ಅದನ್ನು ಮೊದಲೇ ಸಾಗಿಸಿದ್ದರು. ಬರೀ ಗಿಟಾರು ಹಿಡಿದು ಹಾಡಿದ ಆಲ್ಬಂ ಒಂದನ್ನು ಬಾಕಿ ತೀರಿಸಲೆಂದೇ ಮಾರಿದರು. 1993ರಲ್ಲಿ ಲೆಕ್ಕ ಚುಕ್ತಾ ಆಯಿತು. ಅದೇ ವರ್ಷ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ ಸೇರಿದರು. 30 ವರ್ಷದ ನಂತರ, 90ರ ವಯಸ್ಸಿನಲ್ಲಿ, ರಾಕ್ ಸಂಗೀತದವರ ಹಾಲ್ ಆಫ್ ಫೇಮ್‌ಗೂ.

ಹೊಸದಾಗಿ ಕೇಳುವವರು ‘ಕ್ರೇಜಿ’ಯನ್ನು ಮೊದಲು ಪ್ಯಾಟ್ಸಿ ದನಿಯಲ್ಲಿ, ಆಮೇಲೆ ವಿಲ್ಲಿ ದನಿಯಲ್ಲಿ ಕೇಳಲಿ. ಬಳಿಕ 1978ರ ‘ಸ್ಟಾರ್‌ಡಸ್ಟ್’ಗೆ ಹೋಗಲಿ: ಹಳೆಯ ಅಮೆರಿಕನ್ ಜನಪ್ರಿಯ ಗೀತೆಗಳ ಆ ಸಂಕಲನದಲ್ಲಿ ಒಂದೂ ಅವರ ಸ್ವಂತ ರಚನೆಯಲ್ಲ, ಆದರೂ ಪ್ರತಿ ಸಾಲೂ ಅವರದೇ ಅನ್ನಿಸುತ್ತದೆ.